ಮುಧೋಳ ನಾಯಿ ಮನೆಗೆ ಬಂದರೆ

ಅಕ್ಕಂದಿರೇ, ನಾಯಿ ನಮಗೆ ಹೊಸದಲ್ಲ. ಓಣಿಯಲ್ಲಿ ನಾಯಿ ಇದೆ. ಹೊಲದ ಗುಡಿಸಲ ಮುಂದೆ ನಾಯಿ ಇದೆ. ಉಳಿದ ರೊಟ್ಟಿ ಚೂರು ಹಾಕುತ್ತೇವೆ. ಅದು ಬಾಲ ಆಡಿಸುತ್ತದೆ. ರಾತ್ರಿ ಬೊಗಳುತ್ತದೆ. ಅಷ್ಟಕ್ಕೆ ನಮ್ಮ ಅದರ ನಂಟು ಮುಗಿಯಿತು.

ಈ ಪಾಠದಲ್ಲಿ ಬರುವ ನಾಯಿ ಬೇರೆ. ಇದು ಬೇಟೆ ನಾಯಿ. ಇದಕ್ಕೆ ರೊಟ್ಟಿ ಚೂರು ಸಾಲದು. ಇದಕ್ಕೆ ಓಟ ಬೇಕು. ಓಟ ಇಲ್ಲದಿದ್ದರೆ ಇದು ಮನೆಯನ್ನೂ ಕೆಡಿಸುತ್ತದೆ, ತಾನೂ ಕೆಡುತ್ತದೆ.

ಬಾಗಲಕೋಟೆ ಜಿಲ್ಲೆಯಲ್ಲಿ ಮುಧೋಳ ಅಂತ ಒಂದು ಊರು. ಘಟಪ್ರಭಾ ನದಿಯ ದಂಡೆಯ ಊರು. ಕವಿ ರನ್ನನ ಊರು. ಸುತ್ತಲೂ ಕಬ್ಬಿನ ಹೊಲ. ಈ ಭಾಗದ ನಾಯಿಗೆ ಊರಿನ ಹೆಸರೇ ಬಂದಿದೆ. ಮುಧೋಳ ನಾಯಿ ಅಂತ ದೇಶಕ್ಕೆಲ್ಲ ಗೊತ್ತು. ನಾವು ಈ ನಾಯಿಯನ್ನು ಸಾಕಿದವರು. ಅದರ ಜೊತೆ ಬಾಳಿ ತಿಳಿದದ್ದನ್ನು, ಪಶು ವೈದ್ಯರಿಂದ ಕೇಳಿ ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ನೋಡಲು ಇದು ಹೇಗಿರುತ್ತದೆ? ಎತ್ತರ ಎರಡು ಅಡಿಗಿಂತ ಜಾಸ್ತಿ. ತೂಕ 20ರಿಂದ 28 ಕಿಲೊ. ಉದ್ದ ಮುಖ, ಉದ್ದ ಕುತ್ತಿಗೆ, ಉದ್ದ ಕಾಲು. ಎದೆ ಆಳ. ಸೊಂಟ ಮಾತ್ರ ಸಣ್ಣ. ಕೂದಲು ಗಿಡ್ಡ. ನಾಯಿಯ ಪಕ್ಕೆ ಎಲುಬು ಒಂದೆರಡು ಕಾಣುತ್ತವೆ. ಹೊಸಬರು ಬಂದರೆ ಮೊದಲು ಕೇಳುವ ಮಾತು ಇದೇ.

"ಏನವ್ವಾ, ನಿಮ್ಮ ನಾಯಿಗೆ ಕೂಳು ಹಾಕೂದಿಲ್ಲೇನ? ಎಲುಬು ಎಣಿಸಬಹುದಲ್ಲ!"

"ಹಾಕ್ತೀವಿ ಬೇ. ಅದರ ಮೈಕಟ್ಟೇ ಹಂಗ."

ಹೌದು, ಅದರ ಮೈಕಟ್ಟೇ ಹಾಗೆ. ಓಡುವ ಪ್ರಾಣಿಗೆ ಕೊಬ್ಬು ಭಾರ. ಜನ ಆಡಿಕೊಳ್ಳುತ್ತಾರೆ ಅಂತ ತಿನ್ನಿಸಿ ತಿನ್ನಿಸಿ ದಪ್ಪ ಮಾಡಬೇಡಿ. ದಪ್ಪ ಆದರೆ ಕಾಲಿನ ಕೀಲು ಕೆಡುತ್ತವೆ. ಆದರೆ ಬೆನ್ನ ಮೂಳೆ ಚೂಪಾಗಿ ಎದ್ದು ಕಂಡರೆ, ಕೂದಲಿನ ಹೊಳಪು ಹೋದರೆ, ಓಡಲು ಬೇಸರ ಪಟ್ಟರೆ ಅದು ಮೈಕಟ್ಟಲ್ಲ, ರೋಗ. ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಎಲ್ಲಿಂದ ಬಂತು ಈ ನಾಯಿ?

ಮುಧೋಳ ಮೊದಲು ಒಂದು ಸಣ್ಣ ಸಂಸ್ಥಾನ. ಘೋರ್ಪಡೆ ಮನೆತನದ ರಾಜರು ಆಳುತ್ತಿದ್ದರು. ಈ ಭಾಗದ ಬೇಡರು ಬೇಟೆಗೆ ಇಂಥ ನಾಯಿಗಳನ್ನು ಸಾಕುತ್ತಿದ್ದರು. ರಾಜ ಮಾಲೋಜಿರಾವ್ ಘೋರ್ಪಡೆ ಅದನ್ನು ಕಂಡು ಮೆಚ್ಚಿದರು. ಒಳ್ಳೆಯ ನಾಯಿಗಳನ್ನು ಆರಿಸಿ ತಳಿ ಬೆಳೆಸಿದರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟರು ಅಂತ ಇಲ್ಲಿಯ ಜನ ಇಂದಿಗೂ ಹೇಳುತ್ತಾರೆ. ರಾಜರ ಹೆಸರು ಉಳಿಯಿತು. ಆದರೆ ರೊಟ್ಟಿಯಲ್ಲಿ ಪಾಲು ಕೊಟ್ಟು ನಾಯಿಯನ್ನು ಉಳಿಸಿದವರು ಬಡವರು, ಅದೂ ನೆನಪಿರಲಿ.

2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರದ ಅಂಚೆಚೀಟಿ ತಂದಿತು. 2016ರಲ್ಲಿ ಇಲ್ಲಿಯ ಮರಿಗಳು ಮೀರತ್‌ನಲ್ಲಿರುವ ಸೇನೆಯ ತರಬೇತಿ ಕೇಂದ್ರಕ್ಕೆ ಹೋದವು. ಮುಧೋಳದ ಹತ್ತಿರ ತಿಮ್ಮಾಪುರ ಅನ್ನುವ ಊರಲ್ಲಿ ಈ ನಾಯಿಗಾಗಿಯೇ ಒಂದು ಕೇಂದ್ರ ಇದೆ. ಅದು ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ಮೂಗಿಗಿಂತ ಕಣ್ಣು ಮುಂದೆ

ಕೆಲವು ನಾಯಿಗಳು ಮೂಗಿನಿಂದ ಬೇಟೆ ಆಡುತ್ತವೆ. ನೆಲ ಮೂಸುತ್ತಾ ಹೋಗುತ್ತವೆ. ಮುಧೋಳ ನಾಯಿ ಕಣ್ಣಿನಿಂದ ಬೇಟೆ ಆಡುತ್ತದೆ. ದೂರದಲ್ಲಿ ಏನಾದರೂ ಅಲುಗಿದರೆ ಸಾಕು. ಕಿವಿ ನಿಮಿರುತ್ತದೆ. ಮೈ ಬಿಗಿಯುತ್ತದೆ. ಮರುಗಳಿಗೆ ಅದು ನಿಮ್ಮ ಪಕ್ಕದಲ್ಲಿ ಇಲ್ಲ. ಓಡುವಾಗ ಅದಕ್ಕೆ ನಿಮ್ಮ ಕೂಗು ಕೇಳುವುದಿಲ್ಲ. ಕೇಳಿದರೂ ತಿರುಗುವುದಿಲ್ಲ. ಇದು ಸೊಕ್ಕು ಅಲ್ಲ. ನೂರಾರು ವರ್ಷ ಜನ ಅದನ್ನು ಹಾಗೆಯೇ ಬೆಳೆಸಿದ್ದಾರೆ.

ಈ ಒಂದು ಮಾತು ತಿಳಿದರೆ ಅರ್ಧ ತೊಂದರೆ ತಪ್ಪುತ್ತದೆ. ಯಾಕೆ ಅಂದರೆ ಅಲುಗುವುದು ಮೊಲ ಒಂದೇ ಅಲ್ಲ. ನೆರೆಮನೆಯ ಕೋಳಿ ಅಲುಗುತ್ತದೆ. ಆಡಿನ ಮರಿ ಜಿಗಿಯುತ್ತದೆ. ಬೆಕ್ಕು ಗೋಡೆ ಹಾರುತ್ತದೆ. ನಾಯಿ ಕೋಳಿ ಹಿಡಿದರೆ ಜಗಳ ಯಾರ ಬಾಗಿಲಿಗೆ ಬರುತ್ತದೆ? ಕೋಳಿ ಸಾಕಿದವಳೂ ನಮ್ಮಂಥ ಒಬ್ಬ ಹೆಂಗಸೇ. ಮೊಟ್ಟೆ ಮಾರಿ ಸಂತೆ ಮಾಡುವವಳು. ನಷ್ಟ ಕಟ್ಟಿಕೊಡಬೇಕು. ಹಣ ಕೊಟ್ಟರೂ ಮಾತು ಮುರಿದದ್ದು ಮುರಿದದ್ದೇ.

ಆದ್ದರಿಂದ ಮರಿ ಇದ್ದಾಗಲೇ ಕೋಳಿ, ಆಡು, ಕರುಗಳ ನಡುವೆ ಬೆಳೆಸಬೇಕು. ಹಗ್ಗ ಹಿಡಿದು ಅವುಗಳ ಹತ್ತಿರ ಕೂರಿಸಬೇಕು. ಸುಮ್ಮನೆ ಕೂತರೆ ಬೆನ್ನು ಸವರಿ, ಒಂದು ತುತ್ತು ಕೊಡಬೇಕು. ದಿನವೂ ಮಾಡಬೇಕು. ಹೀಗೆ ಬೆಳೆದ ನಾಯಿ ಮನೆಯ ಕೋಳಿಯನ್ನು ತನ್ನವರು ಅಂತ ತಿಳಿಯುತ್ತದೆ. ಹೊರಗಿನ ಕೋಳಿಯ ಮಾತು ಬೇರೆ. ಅಲ್ಲಿ ನಂಬಬೇಡಿ.

ರಸ್ತೆಯ ಹತ್ತಿರ ಎಂದೂ ಬಿಡಬೇಡಿ. ಕಬ್ಬಿನ ಲಾರಿ, ಟ್ರ್ಯಾಕ್ಟರ್ ಓಡುವ ರಸ್ತೆ. ನಾಯಿಯ ಕಣ್ಣು ಮೊಲದ ಮೇಲೆ ಇರುತ್ತದೆ. ಲಾರಿ ಅದಕ್ಕೆ ಕಾಣುವುದೇ ಇಲ್ಲ.

ಮರಿ ತರುವವರು ಯಾರು, ಸಾಕುವವರು ಯಾರು?

ಬಹಳ ಮನೆಗಳಲ್ಲಿ ಮರಿ ತರುವವರು ಗಂಡಸರು. ಗೆಳೆಯರ ಊರಿಗೆ ಹೋಗುತ್ತಾರೆ. ಟವೆಲ್ಲಿನಲ್ಲಿ ಮರಿ ಸುತ್ತಿಕೊಂಡು ಬರುತ್ತಾರೆ. ಮಕ್ಕಳು ಕುಣಿಯುತ್ತಾರೆ. ಎಂಟು ದಿನ ಎಲ್ಲರೂ ಮರಿಯ ಹಿಂದೆ. ಒಂಬತ್ತನೆಯ ದಿನ ಅಂಗಳದ ಹೇಲು ಬಳಿಯುವವರು ಯಾರು? ನಾವೇ.

ನಮಗೆ ಆಗಲೇ ಕೆಲಸ ಸಾಕಷ್ಟಿದೆ. ನೀರು ತರಬೇಕು. ಸಗಣಿ ಬಳಿಯಬೇಕು. ರೊಟ್ಟಿ ಬಡಿಯಬೇಕು. ಹೊಲಕ್ಕೆ ಹೋಗಬೇಕು. ಇದರ ಮೇಲೆ ನಾಯಿಯನ್ನು ಓಡಿಸುವ ಕೆಲಸ. ಹೀಗಾಗಿ ಮರಿ ಬರುವ ಮೊದಲೇ ಮನೆಯಲ್ಲಿ ಕೂತು ಮಾತಾಡಬೇಕು. ಬೆಳಗ್ಗೆ ಅದನ್ನು ಹೊಲಕ್ಕೆ ಒಯ್ಯುವವರು ಯಾರು? ಸಂಜೆ ಯಾರು? ಸೂಜಿಯ ಖರ್ಚು ಯಾರದು? ನಾವು ತವರಿಗೆ ಹೋದರೆ ನೋಡುವವರು ಯಾರು?

"ಅಯ್ಯ, ನಾಯಿ ತಾನ ಬೆಳೀತೈತಿ ಬಿಡು" ಅನ್ನುವವರ ಮನೆಗೆ ಈ ನಾಯಿ ಬೇಡ. ಹಾಗೆ ಹೇಳುವ ಧೈರ್ಯ ನಮಗೆ ಬೇಕು. ಈ ನಾಯಿ ಚೆನ್ನಾಗಿ ನೋಡಿಕೊಂಡರೆ ಹತ್ತು ಹನ್ನೆರಡು ವರ್ಷ ಬಾಳುತ್ತದೆ. ಇಂದು ಒಂದನೆಯ ಇಯತ್ತೆಗೆ ಹೋಗುವ ಮಗಳು ಎಸ್ಸೆಸ್ಸೆಲ್ಸಿ ಮುಗಿಸುವ ತನಕ ಅದು ನಿಮ್ಮ ಅಂಗಳದಲ್ಲಿ ಇರುತ್ತದೆ.

ದಿನಾಲು ಓಟ

ಮುಧೋಳ ನಾಯಿಗೆ ದಿನಕ್ಕೆ ಎರಡು ಸಲ ಓಟ ಬೇಕು. ಬೆಳಗ್ಗೆ ಬಿಸಿಲು ಏರುವ ಮೊದಲು ಒಮ್ಮೆ. ಸಂಜೆ ತಂಪು ಹೊತ್ತಿಗೆ ಒಮ್ಮೆ. ಹಗ್ಗ ಹಿಡಿದು ನಡೆಸಿದರೆ ಅದಕ್ಕೆ ಅರ್ಧ ಹೊಟ್ಟೆ ತುಂಬಿದ ಹಾಗೆ. ಬೆಳೆ ತೆಗೆದ ಹೊಲ ಇದ್ದರೆ, ಸುತ್ತ ಬೇಲಿ ಇದ್ದರೆ, ದನ ಕುರಿ ಇಲ್ಲದಿದ್ದರೆ ಅಲ್ಲಿ ಬಿಡಿ. ಅದು ಓಡುವುದನ್ನು ಒಮ್ಮೆ ನೋಡಬೇಕು. ನಾಲ್ಕೂ ಕಾಲು ನೆಲ ಬಿಟ್ಟು ಗಾಳಿಯಲ್ಲಿ ಇರುತ್ತವೆ. ಸೈಕಲ್ಲಿನವರು ಹಿಂದೆ ಬೀಳುತ್ತಾರೆ. ಕೆಲಸದ ಬೇಸರ ನಮಗೂ ಸ್ವಲ್ಪ ಮರೆಯುತ್ತದೆ.

ಓಡಿ ಬಂದ ಮೇಲೆ? ನೀರು ಕುಡಿದು ಮೂಲೆ ಸೇರಿ ಮಲಗುತ್ತದೆ. ಮಧ್ಯಾಹ್ನದ ತನಕ ಏಳುವುದಿಲ್ಲ. ಇಷ್ಟು ಜೋರಿನ ನಾಯಿ ಮನೆಯೊಳಗೆ ಇಷ್ಟು ಸೋಮಾರಿ ಅಂದರೆ ಕೆಲವರು ನಂಬುವುದಿಲ್ಲ. ಓಟ ಸಿಕ್ಕ ನಾಯಿ ಮಾತ್ರ ಹೀಗೆ ಇರುತ್ತದೆ. ಹಗಲಿಡೀ ಗೂಟಕ್ಕೆ ಕಟ್ಟಿದ ನಾಯಿಯನ್ನು ನೋಡಿ. ನೆಲ ಕೆದರುತ್ತದೆ. ಚಪ್ಪಲಿ ಹರಿಯುತ್ತದೆ. ಊಳಿಡುತ್ತದೆ. ಹಗ್ಗ ಕಡಿಯುತ್ತದೆ. ಎದೆಯೆತ್ತರದ ಗೋಡೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆಗ ಜನ "ಕೆಟ್ಟ ನಾಯಿ" ಅಂತ ಹೊಡೆಯುತ್ತಾರೆ. ಹೊಡೆದರೆ ಇದು ಇನ್ನೂ ಹೆದರುತ್ತದೆ. ಹೆದರಿದ ನಾಯಿ ಕಚ್ಚುತ್ತದೆ.

ಕೊರಳ ಪಟ್ಟಿಯ ಮಾತು ಒಂದಿದೆ. ಈ ನಾಯಿಯ ತಲೆ ಸಣ್ಣ, ಕುತ್ತಿಗೆ ದಪ್ಪ. ಸಾದಾ ಪಟ್ಟಿ ಹಾಕಿದರೆ ತಲೆ ಹಿಂದಕ್ಕೆ ಎಳೆದು ಸಲೀಸಾಗಿ ಕಳಚಿಕೊಳ್ಳುತ್ತದೆ. ಅಗಲ ಪಟ್ಟಿ ಹಾಕಿ. ಎರಡು ಬೆರಳು ತೂರುವಷ್ಟು ಮಾತ್ರ ಸಡಿಲ ಇರಲಿ. ತಂತಿ, ತೆಳು ಸರಪಳಿ ಬೇಡ. ಇದರ ಚರ್ಮ ತೆಳು. ಬೇಗ ಗಾಯ ಆಗುತ್ತದೆ.

ಚರ್ಮ ತೆಳು ಅಂದ ಮೇಲೆ ಚಳಿಯೂ ತಾಗುತ್ತದೆ. ಮೈಯಲ್ಲಿ ಕೊಬ್ಬಿಲ್ಲ, ಕೂದಲು ಗಿಡ್ಡ. ಗಚ್ಚಿನ ನೆಲದ ಮೇಲೆ ಮಲಗಿ ಮೊಣಕೈ ಜಡ್ಡುಗಟ್ಟುತ್ತದೆ, ಹುಣ್ಣಾಗುತ್ತದೆ. ಹಳೆಯ ಕೌದಿ ಇದ್ದರೆ ಮಡಿಸಿ ಹಾಸಿ. ನಾವು ಹೊಲಿದ ಕೌದಿಗೆ ಇಷ್ಟು ಬೆಲೆ ಕೊಡುವವರು ಮನೆಯಲ್ಲಿ ಮತ್ತೆ ಯಾರೂ ಇಲ್ಲ!

ಕೂಳು

ನಮ್ಮ ಕಡೆ ಮೊದಲಿನಿಂದ ಗೋವಿನಜೋಳದ ನುಚ್ಚು, ಜೋಳದ ರೊಟ್ಟಿ, ಹಾಲು ಹಾಕುತ್ತಾರೆ. ಅದು ಸರಿ. ಆದರೆ ಅಷ್ಟೇ ಸಾಲದು. ಓಡುವ ಮೈಗೆ ಮೊಟ್ಟೆ, ಮಾಂಸ ಬೇಕು. ದಿನಾ ಆಗದಿದ್ದರೆ ವಾರದಲ್ಲಿ ಕೆಲವು ದಿನ ಬೇಯಿಸಿದ ಮೊಟ್ಟೆಯಾದರೂ ಇರಲಿ. ಹಾಲು ಕುಡಿದು ಉಚ್ಚಿಕೊಂಡರೆ ಹಾಲು ನಿಲ್ಲಿಸಿ. ಉಪ್ಪು ಖಾರದ ಸಾರು ಹಾಕಬೇಡಿ. ಉಳ್ಳಾಗಡ್ಡಿ, ಚಾಕಲೇಟು ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ ಕೂಡ ವಿಷ. ಅದರ ಮೂತ್ರಪಿಂಡ ಕೆಡುತ್ತದೆ. ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವವರು ಇದನ್ನು ಮರೆಯಬೇಡಿ. ಮಕ್ಕಳು ಪ್ರೀತಿಯಿಂದ ತಿನ್ನಿಸಿಬಿಡುತ್ತಾರೆ. ಬೇಯಿಸಿದ ಎಲುಬು ಹಾಕಬೇಡಿ. ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಉಂಡ ಕೂಡಲೇ ಓಡಿಸಬೇಡಿ. ಆಳವಾದ ಎದೆಯ ನಾಯಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಜಾಸ್ತಿ. ಹೊಟ್ಟೆ ಡೋಲಿನ ಹಾಗೆ ಬಿಗಿದು, ವಾಂತಿ ಬಾರದೆ ಒದ್ದಾಡಿದರೆ ತಡ ಮಾಡಬೇಡಿ. ಕೆಲವೇ ಗಂಟೆಯಲ್ಲಿ ಪ್ರಾಣ ಹೋಗಬಹುದು.

ಮಕ್ಕಳು, ನೆಂಟರು

ಮುಧೋಳ ನಾಯಿ ನಾಚಿಕೆಯ ನಾಯಿ. ಮನೆಯವರಿಗೆ ಮಾತ್ರ ಮೈ ಕೊಡುತ್ತದೆ. ಹೊಸಬರು ಮುಟ್ಟಿದರೆ ಅದಕ್ಕೆ ಸೇರುವುದಿಲ್ಲ. ನೆಂಟರು ಬಂದು ತಲೆ ಸವರಲು ಹೋದರೆ ತಡೆಯಿರಿ. ಅದು ತಾನಾಗಿ ಹತ್ತಿರ ಬರಲಿ.

ಮನೆಯ ಮಕ್ಕಳ ಜೊತೆ ಇದು ಚೆನ್ನಾಗಿ ಬೆಳೆಯುತ್ತದೆ. ಆದರೂ ಕೂಸನ್ನೂ ನಾಯಿಯನ್ನೂ ಇಬ್ಬರನ್ನೇ ಬಿಟ್ಟು ನೀರಿಗೆ ಹೋಗಬೇಡಿ. ಉಣ್ಣುವಾಗ, ಮಲಗಿದಾಗ ಮುಟ್ಟಬಾರದು ಅಂತ ಮಕ್ಕಳಿಗೆ ಹೇಳಿಕೊಡಿ. ಓಡುವ ಮಗುವಿನ ಹಿಂದೆ ಇದು ಆಟಕ್ಕೆ ಓಡುತ್ತದೆ. ಡಿಕ್ಕಿ ಹೊಡೆದರೆ ಮಗು ಬೀಳುತ್ತದೆ. ಹಾಗೆ ಆದಾಗ ಮಗು ಕೂಗಿ ಓಡಬಾರದು, ಗಿಡದ ಹಾಗೆ ನಿಲ್ಲಬೇಕು.

ಕಚ್ಚಿದರೆ ಏನು ಮಾಡಬೇಕು? ಇಲ್ಲಿ ನಿಧಾನವಾಗಿ ಓದಿ. ಎರಡು ಸಲ ಓದಿ. ನಾಯಿ ಯಾವುದೇ ಇರಲಿ, ನಮ್ಮದೇ ಇರಲಿ, ಮರಿಯೇ ಇರಲಿ. ಹಲ್ಲು ತಾಗಿ ರಕ್ತ ಬಂದರೆ, ಚರ್ಮ ತರಚಿದರೆ, ಗಾಯವನ್ನು ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಷಿಣ, ಖಾರದ ಪುಡಿ ಏನನ್ನೂ ಹಚ್ಚಬೇಡಿ. ಬಟ್ಟೆ ಬಿಗಿದು ಕಟ್ಟಬೇಡಿ. ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ. ಡಾಕ್ಟರು ಹೇಳಿದ ಅಷ್ಟೂ ದಿನ ಸೂಜಿ ಹಾಕಿಸಿಕೊಳ್ಳಿ. ಎರಡು ಸೂಜಿ ಆದ ಮೇಲೆ "ಗಾಯ ಮಾಯಿತು, ಸಾಕು" ಅಂತ ಬಿಡಬೇಡಿ. ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಇಲ್ಲವೆನ್ನುವಷ್ಟು ಕಡಿಮೆ. ಕಾಣಿಸುವ ಮೊದಲು ಪೂರ್ತಿ ಸೂಜಿ ಹಾಕಿಸಿಕೊಂಡರೆ ಉಳಿಯುತ್ತಾರೆ. ದಾರ ಕಟ್ಟಿಸುವುದು, ನಾಟಿ ಔಷಧ ಕುಡಿಸುವುದು ಇವುಗಳಿಂದ ಹೋದ ಜೀವಗಳು ಹಳ್ಳಿಹಳ್ಳಿಯಲ್ಲಿ ಇವೆ.

ಮೊಲದ ಬೇಟೆ

ಬೇಟೆ ನಾಯಿ ಇದೆ ಅಂದ ಮೇಲೆ ಗೆಳೆಯರು ಬರುತ್ತಾರೆ. "ಬಾರೋ, ಒಂದ ಮೊಲ ಹೊಡಕೊಂಡ ಬರೋಣ" ಅನ್ನುತ್ತಾರೆ. ಮೊದಲು ಅದು ನಡೆಯುತ್ತಿತ್ತು. ಹಬ್ಬಕ್ಕೂ ನಡೆಯುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡು ಮೊಲದ ಬೇಟೆ ಅಪರಾಧ. ನವಿಲು, ಜಿಂಕೆಗಳದ್ದಂತೂ ದೊಡ್ಡ ಅಪರಾಧ. ಜೈಲು ಇದೆ, ದಂಡ ಇದೆ. ನಮ್ಮದೇ ಹೊಲದಲ್ಲಿ ಹಿಡಿದರೂ ಅಪರಾಧವೇ.

ಹಿಡಿದು ಒಯ್ದರೆ ಕೋರ್ಟಿಗೆ ಅಲೆಯುವವರು ಯಾರು? ವಕೀಲರಿಗೆ ಹಣ ಹೊಂದಿಸುವವರು ಯಾರು? ಕಿವಿಯ ಓಲೆ ಯಾರದು ಹೋಗುತ್ತದೆ? ಅದಕ್ಕೇ ಈ ಮಾತು ಹೆಂಗಸರಿಗೆ ತಿಳಿದಿರಬೇಕು. ನಾಯಿಗೆ ಬೇಕಾದದ್ದು ಮೊಲದ ಮಾಂಸ ಅಲ್ಲ, ಓಟ. ಚಿಂದಿ ಬಟ್ಟೆಯನ್ನು ಉದ್ದ ಹಗ್ಗಕ್ಕೆ ಕಟ್ಟಿ ಹೊಲದಲ್ಲಿ ಎಳೆದುಕೊಂಡು ಓಡಿದರೂ ಅದು ಅಷ್ಟೇ ಖುಷಿಯಿಂದ ಬೆನ್ನು ಹತ್ತುತ್ತದೆ. ಮಕ್ಕಳಿಗೂ ಆಟ.

ಹೆಣ್ಣು ನಾಯಿ, ಮರಿ, ಹಣ

ಮುಧೋಳದ ಸುತ್ತಲಿನ ಊರುಗಳಲ್ಲಿ ಮರಿ ಮಾರಿ ಸಂಸಾರಕ್ಕೆ ನೆರವು ಪಡೆಯುವ ಮನೆಗಳು ಇವೆ. ಒಳ್ಳೆಯ ಮರಿಗೆ ಸಾವಿರಾರು ರೂಪಾಯಿ ಬರುತ್ತದೆ. ಇದು ಒಳ್ಳೆಯ ದುಡಿಮೆ. ಆದರೆ ಹಣ ಕಂಡ ಕೂಡಲೇ ಹೆಣ್ಣು ನಾಯಿಯ ಮೈ ಕಾಣದೆ ಹೋಗುತ್ತದೆ.

ಹೆಣ್ಣು ನಾಯಿ ವರ್ಷಕ್ಕೆ ಎರಡು ಸಲದಷ್ಟು ಬೆದೆಗೆ ಬರುತ್ತದೆ. ಗಬ್ಬದ ಕಾಲ ಎರಡು ತಿಂಗಳು. ಆಮೇಲೆ ಆರು ವಾರ, ಎಂಟು ವಾರ ಮೊಲೆಯುಣಿಸಬೇಕು. ಪ್ರತಿ ಬೆದೆಗೂ ಮರಿ ಹಾಕಿಸಿದರೆ ಅದು ಯಾವಾಗ ಚೇತರಿಸಿಕೊಳ್ಳಬೇಕು? ಹೆತ್ತವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಮೊದಲ ಬೆದೆಗೆ ಗಂಡು ಕೂಡಿಸಬೇಡಿ. ಒಮ್ಮೆ ಈದ ಮೇಲೆ ಒಂದು ವರ್ಷವಾದರೂ ಬಿಡಿ. ಗಬ್ಬದಲ್ಲಿ, ಹಾಲುಣಿಸುವಾಗ ಹೊಟ್ಟೆ ತುಂಬ ಹಾಕಿ. ಒಂದೇ ಮನೆಯ ಅಣ್ಣ ತಂಗಿ ನಾಯಿಗಳನ್ನು ಕೂಡಿಸಬೇಡಿ. ಮರಿ ರೋಗಿಷ್ಟ ಆಗುತ್ತವೆ.

ಎಂಟು ವಾರ ತುಂಬುವ ತನಕ ಮರಿಯನ್ನು ತಾಯಿಯಿಂದ ಅಗಲಿಸಬೇಡಿ. ಕೊಳ್ಳಲು ಬಂದವರನ್ನು ನಾವೂ ನಾಲ್ಕು ಮಾತು ಕೇಳಬೇಕು. "ಮನಿ ಎಲ್ಲೈತಿ? ಓಡಾಕ ಜಾಗ ಐತೇನು?" ಬೆಂಗಳೂರಿನ ಮೂರನೆಯ ಮಾಳಿಗೆಯಲ್ಲಿ ಇದ್ದರೂ ಪರವಾಗಿಲ್ಲ, ದಿನಾಲು ಎರಡು ಹೊತ್ತು ಬಯಲಿಗೆ ಒಯ್ಯುವವರಾದರೆ ಕೊಡಿ. ಅಂಚೆಚೀಟಿಯ ನಾಯಿ, ಸೇನೆಯ ನಾಯಿ ಅಂತ ಹೆಸರು ಕೇಳಿ ಕೊಂಡು, ಆರು ತಿಂಗಳಲ್ಲಿ ಬೇಸತ್ತು ಬೀದಿಗೆ ಬಿಟ್ಟವರೂ ಇದ್ದಾರೆ. ಮರಿ ಮಾರಿದ ಹಣ ಯಾರ ಕೈಗೆ ಬಂತು, ಯಾವ ಖರ್ಚಿಗೆ ಹೋಯಿತು ಅಂತ ಬರೆದಿಡಿ. ಈಗ ನಮಗೆ ಬರೆಯಲು ಬರುತ್ತದೆ.

ಕಾರ್ಡು ಓದೋಣ

ಮರಿಗೆ ಆರರಿಂದ ಎಂಟು ವಾರ ಆದಾಗ ಮೊದಲ ಸೂಜಿ. ರಕ್ತ ಭೇದಿಯ ಪಾರ್ವೋ ರೋಗ ಬಾರದಿರಲಿ ಅಂತ. ಮತ್ತೆ ಮೂರು ನಾಲ್ಕು ವಾರಕ್ಕೆ ಇನ್ನೊಂದು. ಮೂರು ತಿಂಗಳು ತುಂಬಿದಾಗ ರೇಬೀಸ್ ಸೂಜಿ. ಆಮೇಲೆ ಪ್ರತಿ ವರ್ಷ ತಪ್ಪದೆ ಹಾಕಿಸಬೇಕು. ಜಂತುಹುಳದ ಗುಳಿಗೆ ಮೂರು ತಿಂಗಳಿಗೊಮ್ಮೆ. ನಾಯಿಯ ಹೊಟ್ಟೆಯ ಹುಳ ಮಕ್ಕಳಿಗೂ ಬರುತ್ತದೆ. ಉಣ್ಣಿಯನ್ನು ಕಿವಿಯಲ್ಲಿ, ಬೆರಳ ಸಂದಿಯಲ್ಲಿ ಹುಡುಕಿ ತೆಗೆಯಿರಿ.

ಸೂಜಿ ಹಾಕಿದ ಡಾಕ್ಟರು ಒಂದು ಕಾರ್ಡು ಕೊಡುತ್ತಾರೆ. ಅದರಲ್ಲಿ ನಾಯಿಯ ಹೆಸರು, ಬಣ್ಣ, ಹುಟ್ಟಿದ ದಿನ, ಸೂಜಿಯ ಹೆಸರು, ಹಾಕಿದ ತಾರೀಕು ಇರುತ್ತವೆ. ಕೊನೆಯ ಮನೆಯಲ್ಲಿ ಮುಂದಿನ ತಾರೀಕು ಇರುತ್ತದೆ. ನಿಮ್ಮ ನಾಯಿಯ ಹೆಸರನ್ನು ನೀವೇ ಬರೆಯಿರಿ. ಮಾಲಕರ ಹೆಸರು ಅಂತ ಒಂದು ಗೆರೆ ಇದ್ದರೆ, ನಾಯಿಯನ್ನು ನೋಡಿಕೊಳ್ಳುವವರು ನೀವಾದರೆ, ಅಲ್ಲಿ ನಿಮ್ಮ ಹೆಸರನ್ನೇ ಬರೆಯಿರಿ. ಮುಂದಿನ ತಾರೀಕಿನ ಮನೆ ಖಾಲಿ ಇದ್ದರೆ ಎದ್ದು ಬರಬೇಡಿ. ಕೇಳಿ, ಅಲ್ಲಿಯೇ ಬರೆಸಿಕೊಳ್ಳಿ. ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಆ ದಿನದ ಸುತ್ತ ಪೆನ್ಸಿಲ್ಲಿನಿಂದ ಒಂದು ಸುತ್ತು ಹಾಕಿ.